ಗುರುವಯ್ಯನ ಹೆಸರಿನಲ್ಲಿ

ಗೋಣಿಬೀಡಿನ ಆಚೆಗಿರುವ ಕಲ್ಲುಗುಡ್ಡೆ ಎಸ್ಟೇಟಿನ ಹಾಜರಿ ಪುಸ್ತಕದ ಪ್ರಕಾರ, ಮಾರ್ಚ್ ಹನ್ನೊಂದರಂದು ಅಲ್ಯುಮಿನಿಯಂ ಏಣಿ ಹೊತ್ತು ಮೆಣಸು ಕೊಯ್ಯಲು ಹೋದವನು ಗುರುವಯ್ಯ. ಅದೇ ಏಣಿ ಮರಗಳ ಮೇಲೆ ಹಾದ ಕರೆಂಟ್ ತಂತಿಗೆ ತಗುಲಿ ಸತ್ತವನು ಅವನ ಮಗ ಬಾಲರಾಜ್. ಇದು ಹೇಗಾಯಿತು ಎಂದರೆ ಪುಸ್ತಕ ಹೇಳುವುದಿಲ್ಲ. ಕೂಲಿಯವರ ಲೈನು ಮನೆಗಳಲ್ಲಿ ಎಲ್ಲರಿಗೂ ಗೊತ್ತು, ಆದರೆ ಅವರೂ ಹೇಳುವುದಿಲ್ಲ.

ವಿಷಯ ಇಷ್ಟೇ. ಒಂಬತ್ತು ವರ್ಷದ ಹಿಂದೆ ಗುರುವಯ್ಯನ ಸೊಂಟ ಬಿದ್ದುಹೋಯಿತು. ಕೆಲಸ ಬಿಟ್ಟರೆ ಎಸ್ಟೇಟು ಕೊಟ್ಟ ಮನೆಯನ್ನೂ ಬಿಡಬೇಕು. ಆಗ ಹಾಜರಿ ಬರೆಯುವ ರೈಟರ್ ಶಶಿಕಿರಣ್ ದೊಡ್ಡ ಉಪಕಾರ ಮಾಡುವವನ ಹಾಗೆ ದಾರಿ ತೋರಿಸಿದ.

"ಹೆಸರು ನಿಂದೇ ಇರ್ಲಿ ಮಾರಾಯ, ಕೆಲಸಕ್ಕೆ ಬಾಲರಾಜ್ ಬರ್ಲಿ. ಮನೆ ಎಲ್ಲಿಗೂ ಹೋಗಲ್ಲ."

ಹೊಸ ಆಳನ್ನು ಖಾಯಂ ಮಾಡುವ ತಲೆನೋವು ಎಸ್ಟೇಟಿಗೆ ತಪ್ಪಿತು, ಮನೆ ಗುರುವಯ್ಯನಿಗೆ ಉಳಿಯಿತು. ಯಾರು ಯಾರಿಗೆ ಉಪಕಾರ ಮಾಡಿದರು ಎಂದು ಲೆಕ್ಕ ಹಾಕುವಷ್ಟು ಪುರುಸೊತ್ತು ಅವನಿಗೆಲ್ಲಿತ್ತು?

ಲೈನಿನ ಹನ್ನೆರಡು ಮನೆಗಳಲ್ಲಿ ಎಂಟು ಮನೆಯ ಕಥೆ ಇದೇ. ಅತ್ತೆಯ ಹೆಸರಲ್ಲಿ ಸೊಸೆ, ಅಣ್ಣನ ಹೆಸರಲ್ಲಿ ತಮ್ಮ. ಪುಸ್ತಕದಲ್ಲಿ ಯಾರಿಗೂ ವಯಸ್ಸೇ ಆಗುತ್ತಿರಲಿಲ್ಲ. ಎಪ್ಪತ್ತು ದಾಟಿದ ಗುರುವಯ್ಯ ಅಲ್ಲಿ ಇನ್ನೂ ಐವತ್ತಾರರ ಗಟ್ಟಿಮುಟ್ಟಾದ ಆಳು. ಕಾರ್ಮಿಕ ಇಲಾಖೆಯವರು ತಪಾಸಣೆಗೆ ಬಂದ ದಿನ ಸೊಂಟಕ್ಕೆ ಟವೆಲ್ ಬಿಗಿದು, ಬುಟ್ಟಿ ಹಿಡಿದು, ಕಾಫಿ ಗಿಡದ ಪಕ್ಕ ಒಂದು ಗಂಟೆ ನಿಂತುಬಿಡುತ್ತಿದ್ದ. ಶನಿವಾರ ಶನಿವಾರ ಹೆಬ್ಬೆಟ್ಟು ಒತ್ತಲು ಹೋಗುತ್ತಿದ್ದವನೂ ಅವನೇ. ಮಗನಿಗೆ ಚೆಂದದ ಸಹಿ ಬರುತ್ತಿತ್ತು. ಒಂಬತ್ತು ವರ್ಷದಲ್ಲಿ ಆ ಸಹಿ ಹಾಕಲು ಅವನಿಗೆ ಒಂದು ಸಾಲು ಜಾಗ ಸಿಗಲಿಲ್ಲ.

ಮಗ ಸತ್ತ ಮೇಲೆ ಎಸ್ಟೇಟಿನವರು ಬರೆದುಕೊಟ್ಟರು: ಬಾಲರಾಜ್ ನಮ್ಮ ಕೆಲಸಗಾರನಲ್ಲ, ಅಪ್ಪನನ್ನು ನೋಡಲು ಬಂದವನು ಹೇಳದೆ ಕೇಳದೆ ಏಣಿ ಮುಟ್ಟಿದ. ಕೆಲಸಗಾರನಲ್ಲದವನ ಸಾವಿಗೆ ಪರಿಹಾರವಿಲ್ಲ. ಗುರುವಯ್ಯ ಕಾರ್ಮಿಕ ಇಲಾಖೆಗೆ ದೂರು ಕೊಟ್ಟಿದ್ದೇ ತಡ, ತಿಂಗಳೊಳಗೆ ಮನೆ ಖಾಲಿ ಮಾಡಿ ಎಂದು ಹೇಳಿಕಳಿಸಿದರು. ತನ್ನದೇನು, ಇವತ್ತೋ ನಾಳೆಯೋ ಎನ್ನುವ ಜೀವ. ಸೊಸೆ ರೇವತಿ, ಮೂರು ವರ್ಷದ ಮೊಮ್ಮಗಳು ಎಲ್ಲಿಗೆ ಹೋಗಬೇಕು?

ವಿಚಾರಣೆಯ ಅಧಿಕಾರಿ ಅರುಣಾ ಮೇಡಂ ಕೆಟ್ಟವರಲ್ಲ. ಮೊದಲ ದಿನವೇ ಬಿಡಿಸಿ ಹೇಳಿದ್ದರು.

"ನನಗೆ ಪುಸ್ತಕ ಒಂದೇ ಸಾಕ್ಷಿ ಅಲ್ಲ ಅಜ್ಜ. ನಿಮ್ಮ ಮಗನ ಜೊತೆ ಕೆಲಸ ಮಾಡಿದ ಒಬ್ಬರು, ಒಬ್ಬರೇ ಸಾಕು, ಇಲ್ಲಿ ಬಂದು ತಮ್ಮ ಹೆಸರು ಹೇಳಿ, ನೋಡಿದ್ದು ಹೇಳಲಿ. ನಾನು ಬರ್ಕೊಳ್ತೀನಿ."

ಒಬ್ಬರು! ಗುರುವಯ್ಯ ಲೈನಿನ ಬಾಗಿಲು ಬಾಗಿಲಿಗೂ ಹೋದ. ಕುಮಾರ್ ಕೂರಿಸಿ ಕಾಫಿ ಕೊಟ್ಟ, ಕಣ್ಣೀರೂ ಹಾಕಿದ. "ನಾನೂ ನಮ್ಮಣ್ಣನ ಹೆಸರಲ್ಲಿ ಅಲ್ವಾ ಗುರುವಜ್ಜ" ಎಂದು ತಲೆ ತಗ್ಗಿಸಿದ. ಗುರುವಯ್ಯನಿಗೆ ಮೈಯೆಲ್ಲ ಉರಿದುಹೋಯಿತು. ಹೊರಗೆ ಬಂದ ಮೇಲೆ ನಾಚಿಕೆಯೂ ಆಯಿತು. ಹೋದ ವರ್ಷ ಯಾರಾದರೂ ತನ್ನ ಬಾಗಿಲಿಗೆ ಬಂದಿದ್ದರೆ ತಾನೂ ಅದನ್ನೇ ಹೇಳುತ್ತಿದ್ದ.

ಭಾಗಮ್ಮ ಮಾತ್ರ ಬರುತ್ತೇನೆಂದಳು. ಅವತ್ತು ಬಾಲರಾಜ್ ಏಣಿ ಹಾಕಿದ್ದ ಮರದ ಕೆಳಗೆ ಉದುರಿದ ಮೆಣಸು ಆರಿಸುತ್ತಿದ್ದವಳು ಅವಳು.

"'ಭಾಗಕ್ಕಾ, ಆಚೆ ಸರ್ಕೊಳಿ, ಏಣಿ ತಿರುಗಿಸ್ತೀನಿ' ಅಂದ. ನಾನು ಸರ್ಕೊಂಡೆ. ಆ ಮಾತು ಕಿವಿಯಿಂದ ಹೋಗ್ತಾನೇ ಇಲ್ಲ ಗುರುವಜ್ಜ. ಏನಾದ್ರೂ ಆಗ್ಲಿ, ಹೇಳ್ತೀನಿ."

ವಿಚಾರಣೆಯ ದಿನ ಮೊದಲ ಬಸ್ಸಿಗೆ ಮಗುವೂ ಸೇರಿ ನಾಲ್ವರೂ ಚಿಕ್ಕಮಗಳೂರಿಗೆ ಹೋದರು. ಶಶಿಕಿರಣ್ ಕಾರಿನಲ್ಲಿ ಪುಸ್ತಕದ ಸಮೇತ ಬಂದ. ಗುರುವಯ್ಯನನ್ನು ಕಂಡು, ನೆಂಟರ ಮನೆಯಲ್ಲಿ ಸಿಕ್ಕವನ ಹಾಗೆ, "ತಿಂಡಿ ಆಯ್ತಾ?" ಎಂದು ಬೇರೆ ಕೇಳಿದ.

ಅರುಣಾ ಮೇಡಂ ಭಾಗಮ್ಮನನ್ನು ಮುಂದೆ ಕರೆದರು. "ಹೆಸರು ಹೇಳಮ್ಮ."

ಶಶಿಕಿರಣ್ ಪುಸ್ತಕದ ಒಂದು ಹಾಳೆ ತಿರುವಿದ. ಅಷ್ಟೇ, ತಲೆ ಕೂಡ ಎತ್ತಲಿಲ್ಲ.

"ದ್ಯಾವಮ್ಮ" ಎಂದಳು ಭಾಗಮ್ಮ.

ದ್ಯಾವಮ್ಮ ಅವಳ ಅತ್ತೆ, ಹಾಸಿಗೆ ಹಿಡಿದು ಎರಡು ವರ್ಷವಾಗಿತ್ತು. ಹದಿನಾಲ್ಕು ವರ್ಷ ದಿನಾ ಬೆಳಿಗ್ಗೆ ಹಾಜರಿ ಕರೆದಾಗ ಭಾಗಮ್ಮ ಓಗೊಡುತ್ತಿದ್ದುದು ಆ ಹೆಸರಿಗೇ. ಹೆದರಿಕೆಗೆ ಅಂದಳೋ, ರೂಢಿಯಿಂದ ಬಂತೋ, ಬಾಯಿಂದ ಬಂದದ್ದು ಬಂದಾಗಿತ್ತು.

"ವಯಸ್ಸು?"

ಭಾಗಮ್ಮ ಪುಸ್ತಕದ ಕಡೆ ನೋಡಿದಳು. ಮೇಡಂ ಪುಸ್ತಕ ತರಿಸಿಕೊಂಡು ನೋಡಿದರು. ದ್ಯಾವಮ್ಮ, ಐವತ್ತೇಳು ವರ್ಷ. ಎದುರಿಗೆ ನಿಂತವಳಿಗೆ ಮೂವತ್ತೈದರ ಮೇಲೆ ಯಾರೂ ಹೇಳುವಂತಿರಲಿಲ್ಲ.

"ನೋಡಮ್ಮ, ಬೇರೆಯವರ ಹೆಸರಲ್ಲಿ ಹೇಳಿದ ಸಾಕ್ಷಿ ನಿಲ್ಲಲ್ಲ. ನಿಮ್ಮ ಸ್ವಂತ ಹೆಸರು ಹೇಳಿ. ಆಮೇಲೆ ನಿಮಗೆ ತೊಂದರೆ ಆದ್ರೆ ದೂರು ಕೊಡಬಹುದು."

ದೂರು ಕೊಡಬಹುದು. ಕೊಟ್ಟವನು ಇಲ್ಲೇ ಬೆಂಚಿನ ಮೇಲೆ ಕೂತಿದ್ದ.

ಭಾಗಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ಗುರುವಯ್ಯನ ಕಡೆ ತಿರುಗಿದಳು. ಕಣ್ಣು ತುಂಬಿತ್ತು. ಇನ್ನೊಂದು ನಿಮಿಷ ತಾನು ಸುಮ್ಮನಿದ್ದರೆ ಇವಳು ಹೇಳಿಯೇ ಬಿಡುತ್ತಾಳೆ ಎಂದು ಅವನಿಗೆ ಗೊತ್ತಾಯಿತು. ಮಾಡಬೇಕಾದ್ದು ಅಷ್ಟೇ, ಸುಮ್ಮನಿರುವುದು. ಬಾಲರಾಜ್ ಕೆಲಸಗಾರನಾಗುತ್ತಾನೆ, ರೇವತಿಗೆ ಒಂದು ದಾರಿಯಾಗುತ್ತದೆ. ಸಂಜೆಯೊಳಗೆ ದ್ಯಾವಮ್ಮನ ಹಾಸಿಗೆ, ಭಾಗಮ್ಮನ ಇಬ್ಬರು ಮಕ್ಕಳು ರಸ್ತೆಗೆ ಬರುತ್ತಾರೆ. ರೇವತಿ ಅವನ ತೋಳು ಹಿಡಿದಿದ್ದಳು. ಸುಮ್ಮನಿರಿ ಮಾವ, ಎಂದು ಆ ಕೈ ಹೇಳುತ್ತಿತ್ತು. ಹೊಟ್ಟೆಯಲ್ಲಿ ಹುಟ್ಟಿದ ಮಗನಿಗಾಗಿ ಒಂದು ನಿಮಿಷ ಬಾಯಿ ಮುಚ್ಚಿಕೊಂಡಿರಲು ಆ ಮುದುಕನಿಂದ ಆಗಲಿಲ್ಲ.

"ಮೇಡಂ, ಇವ್ಳು ನಮ್ಮ ಎಸ್ಟೇಟಲ್ಲಿ ಕೆಲ್ಸ ಮಾಡೋಳಲ್ಲ" ಎಂದ. "ಮಗು ಎತ್ಕೊಳ್ಳೋಕೆ ಅಂತ ನಮ್ಮ ಜೊತೆ ಬಂದ್ಲು. ಹೆದ್ರಿ ಏನೇನೋ ಅಂದ್ಲು. ಬಿಟ್ಬಿಡಿ ಅವ್ಳನ್ನ."

"ಮಾವಾ!" ಎಂದಳು ರೇವತಿ.

ಮೇಡಂ ಪೆನ್ನು ಕೆಳಗಿಟ್ಟರು. ಅವರಿಗೆ ಎಲ್ಲ ಅರ್ಥವಾಗಿತ್ತು, ಅರ್ಥವಾದದ್ದನ್ನು ಬರೆಯುವ ಹಾಗಿರಲಿಲ್ಲ.

"ಬೇರೆ ಸಾಕ್ಷಿ ಇದ್ದಾರಾ ಅಜ್ಜ? ಇವತ್ತೇ ಕೊನೆ."

"ಇಲ್ಲಮ್ಮ."

ಗುಮಾಸ್ತ ಟೈಪು ಮಾಡಿದ್ದನ್ನು ಗಟ್ಟಿಯಾಗಿ ಓದಿದ. "ಮೃತನ ಹೆಸರು ಬಾಲರಾಜ್. ವಯಸ್ಸು ಮೂವತ್ತನಾಲ್ಕು. ಉದ್ಯೋಗ, ಇಲ್ಲ." ಓದಿ, ಗುರುವಯ್ಯನ ಕಡೆ ನೋಡಿದ. "ಸರಿಯಾಗಿದ್ಯಾ?"

"ಸರಿ ಸಾರ್" ಎಂದ ಗುರುವಯ್ಯ.

ರೇವತಿ ಅವನ ತೋಳು ಬಿಟ್ಟು, ಮಗುವನ್ನು ಎತ್ತಿಕೊಂಡು ಹೊರಗೆ ಹೋದಳು.