ಹಡಗಿನ ಭಂಡಾರಿ

"ಸೂಟ್‌ಕೇಸ್ ಒಂದಕ್ಕೆ ಹನ್ನೆರಡು ಯೂರೋ ಅಂತೆ. ಕತ್ತೆಗೂ ಊಬರ್ ರೇಟು," ಎಂದ ಹರಿಪ್ರಸಾದ, ಬಂದರಿನ ಕಟ್ಟೆಯ ಮೇಲೆ ಹೇಸರಗತ್ತೆಗೆ ಹಗ್ಗ ಬಿಗಿಯುತ್ತಿದ್ದವನನ್ನು ನೋಡುತ್ತ. ಅಟ್ಲಾಂಟಾದಿಂದ ಇಬ್ಬರ ವಿಮಾನಕ್ಕೆ ಮೂರು ಸಾವಿರ ಚಿಲ್ಲರೆ ಡಾಲರು, ಏಥೆನ್ಸಿನಲ್ಲಿ ಎರಡು ರಾತ್ರಿ, ಅಲ್ಲಿಂದ ಹೈಡ್ರಾ ದ್ವೀಪಕ್ಕೆ ದೋಣಿ: ಎಲ್ಲವೂ ಅವನ ಬೆರಳ ತುದಿಯಲ್ಲಿತ್ತು. ಅವನ ಹೆಂಡತಿ ಇಂದುವಿನ ಲೆಕ್ಕ ಬೇರೆ. ಮೂವತ್ತು ವರ್ಷ ಬಾಯಿ ಮುಚ್ಚಿಕೊಂಡಿದ್ದಕ್ಕೆ ತಾನು ತೆತ್ತದ್ದೆಷ್ಟು ಎಂದು ದೋಣಿ ಹತ್ತಿದಾಗಿನಿಂದ ಅವಳು ಕೂಡಿಸುತ್ತಿದ್ದಳು.

ಜೊತೆಗಿದ್ದ ಮುರಳೀಧರ, ಶ್ರೀದೇವಿ ಅಟ್ಲಾಂಟಾ ಪಕ್ಕದ ಸುವಾನಿಯಲ್ಲಿ ಇವರಿಗಿಂತ ಎರಡು ಬೀದಿ ಆಚೆಯವರು, ನವೆಂಬರಿನಲ್ಲಿ ಬೀಗರಾಗುವವರು. ಅವರ ಮಗ ಸೌರಭ್, ಇವರ ಮಗಳು ನಮ್ರತಾ ತಾವಾಗಿ ಒಪ್ಪಿಕೊಂಡಿದ್ದರು. ಕಾರುಗಳೇ ಇಲ್ಲದ ಈ ದ್ವೀಪವನ್ನು ಆರಿಸಿದವರು ಮುರಳೀಧರ. ಗುಡ್ಡದ ತುಂಬ ಹಳೆಯ ಕಾಲದ ಹಡಗಿನ ಯಜಮಾನರು ಕಟ್ಟಿಸಿದ ಕಲ್ಲುಮನೆಗಳು, ಕೆಳಗೆ ಕುದುರೆಲಾಳದಂತೆ ಬಾಗಿದ ಬಂದರು.

"ಬೀಗಿತ್ತಿಯವರೇ, ನಿಮ್ಮ ತಂದೆ ಇಲ್ಲಿ ಹುಟ್ಟಿದ್ರೆ ಆ ಮೇಲಿನ ದೊಡ್ಡ ಮನೆ ಅವರದೇ ಆಗಿರ್ತಿತ್ತು," ಎಂದರು ಮುರಳೀಧರ. "ಕ್ಯಾಪ್ಟನ್ ಅಂದ್ರೆ ಸುಮ್ನೇನಾ?"

ಇಂದುವಿನ ಅಪ್ಪ ಸುಬ್ರಾಯ ಹೊನ್ನಾವರದವರು. ಗ್ರೀಕರ ಸರಕು ಹಡಗುಗಳಲ್ಲಿ ಇಪ್ಪತ್ತೆರಡು ವರ್ಷ ಭಂಡಾರಿಯಾಗಿದ್ದರು. ಹಡಗಿನವರ ಮಾತಿನಲ್ಲಿ ಭಂಡಾರಿ ಎಂದರೆ ಅಡುಗೆಯವನು. ಮೈಸೂರಿನ ಹರಿಪ್ರಸಾದನ ಮನೆಯವರಿಗೆ ಭಂಡಾರಿ ಎಂದರೆ ಖಜಾನೆ ನೋಡಿಕೊಳ್ಳುವವನು. ಹೆಣ್ಣು ನೋಡಲು ಬಂದ ದಿನ ಅವರು ಆ ಮಾತಿಗೆ ತಲೆದೂಗಿದರು. ಇಂದುವಿನ ತಾಯಿ ತಿದ್ದಲಿಲ್ಲ. ಅಮೆರಿಕಕ್ಕೆ ಬಂದ ಮೇಲೆ ಖಜಾನೆಯವರು ಆಫೀಸರ್ ಆದರು, ಸುವಾನಿಯಲ್ಲಿ ಮನೆಗೊಂದು ಅಡುಗೆ ತರುವ ಪಾಟ್‌ಲಕ್ ಊಟಗಳಲ್ಲಿ ಬಡ್ತಿ ಪಡೆಯುತ್ತ ಪಡೆಯುತ್ತ ಕ್ಯಾಪ್ಟನ್ ಆದರು. ಕಣ್ಣೆದುರಿಲ್ಲದವರ ಬಡ್ತಿಗೆ ತಡೆಯೆಲ್ಲಿ? ಅಪ್ಪ ತೀರಿಕೊಂಡಾಗ, ಹತ್ತು ವರ್ಷದ ಹಿಂದೆ, ಇಂದು ಗಂಡನಿಗೆ ನಿಜ ಹೇಳಿದ್ದಳು. "ಈಗ ಅದನ್ನ ಹೇಳ್ಕೊಂಡು ಯಾರಿಗೇನು ಲಾಭ?" ಎಂದು ಅವನು ಮಾತು ಮುಗಿಸಿದ್ದ.

ಮಧ್ಯಾಹ್ನ ಬಂದರಿನ ಪಕ್ಕದ ಸಣ್ಣ ಹೋಟೆಲಿನಲ್ಲಿ ಕೂತರು. ಅನ್ನ ತುಂಬಿ ಬೇಯಿಸಿದ ಟೊಮೇಟೊ ಬಂತು. ಶ್ರೀದೇವಿ ಫೋನು ಮುಂದೆ ಚಾಚಿದರು. ಮದುವೆಯ ಕರೆಯೋಲೆ. ಬಂಗಾರದ ಬಣ್ಣದಲ್ಲಿ 'ದಿವಂಗತ ಕ್ಯಾಪ್ಟನ್ ಸುಬ್ರಾಯ ಅವರ ಮೊಮ್ಮಗಳು' ಎಂದಿತ್ತು.

"ಇವತ್ತೇ ಓಕೆ ಮಾಡ್ಬೇಕು, ಬೆಂಗಳೂರಲ್ಲಿ ಪ್ರಿಂಟರ್ ಕಾಯ್ತಿದ್ದಾನೆ. ಸ್ಪೆಲ್ಲಿಂಗ್ ಒಂದು ಚೆಕ್ ಮಾಡ್ಬಿಡಿ ಇಂದು."

ಸ್ಪೆಲ್ಲಿಂಗ್ ಸರಿಯಾಗಿತ್ತು.

ಹೋಟೆಲಿನ ಮುದುಕ ನೀರಿನ ಜಗ್ಗು ಇಡುತ್ತ ಯಾವ ದೇಶವೆಂದು ಕೇಳಿದ. ಇಂಡಿಯಾ ಎಂದದ್ದೇ ಅವನ ಮುಖ ಅರಳಿತು. ಮೂವತ್ತು ವರ್ಷ ಹಡಗಿನಲ್ಲಿದ್ದೆ, ಇಂಡಿಯಾದವರ ಜೊತೆ, ಎಂದು ಹರಕು ಇಂಗ್ಲಿಷಿನಲ್ಲಿ ಹೇಳಿದ. ಆಮೇಲೆ ಸೌಟು ತಿರುಗಿಸುವಂತೆ ಕೈಯಾಡಿಸಿ, "ಭಂಡಾರಿ, ಭಂಡಾರಿ," ಎಂದ.

"ಏನಂತೆ, ಭಂಡಾರಿನಾ?" ಮುರಳೀಧರ ನಕ್ಕರು. "ನಮ್ಮ ಆಫೀಸಲ್ಲೂ ಒಬ್ಬ ಭಂಡಾರಿ ಇದ್ದಾನೆ, ಮಂಗಳೂರವನು."

ಮೇಜಿನ ಕೆಳಗೆ ಹರಿಪ್ರಸಾದನ ಪಾದ ಇಂದುವಿನ ಪಾದವನ್ನು ಒತ್ತಿತು. "ಬಿಲ್ ತರ್ಸೋಣ್ವಾ?" ಎಂದ.

ಇಂದು ಕಾಲು ಎಳೆದುಕೊಂಡಳು. "ಬಿಲ್ ಆಮೇಲೆ. ಭಂಡಾರಿ ಅಂದ್ರೆ ಹಡಗಲ್ಲಿ ಅಡುಗೆ ಮಾಡೋರು, ಮುರಳೀಧರ್ ಅವ್ರೇ. ನಮ್ಮಪ್ಪ ಭಂಡಾರಿ. ಕ್ಯಾಪ್ಟನ್ ಅಲ್ಲ, ಕ್ಯಾಪ್ಟನ್ನಿಗೆ ಅನ್ನ ಹಾಕ್ತಿದ್ದೋರು."

"ಇಂದು, ತಮಾಷೆ ಸಾಕು," ಎಂದ ಹರಿಪ್ರಸಾದ.

"ಮೂವತ್ತು ವರ್ಷದಿಂದ ನಡೀತಿರೋದು ತಮಾಷೆ ರೀ. ಇದಲ್ಲ."

ಮುರಳೀಧರ ಚಮಚ ಕೆಳಗಿಟ್ಟು, "ಹಾಗಾದ್ರೆ ನೀವು ಪಾಟ್‌ಲಕ್‌ಗೆ ತರ್ತೀರಲ್ಲ, ಆ ಸಾರು ಅವರಿಂದ್ಲೇ ಕಲ್ತಿದ್ದಾ?" ಎಂದರು.

"ಹೌದು."

"ಅಲ್ಲ ಇಂದು," ಎಂದರು ಶ್ರೀದೇವಿ, "ನಮ್ಮ ಕಡೆಯೋರಿಗೆಲ್ಲ ಕ್ಯಾಪ್ಟನ್ ಮೊಮ್ಮಗಳು ಅಂತ ಹೇಳಿಯಾಗಿದೆ. ಕೆಲಸದ ವಿಷಯ ಯಾಕೆ, ಬರೀ ಹೆಸರು ಹಾಕ್ಸಿದ್ರೆ ಸಾಲ್ದಾ?"

"ಸಾಲ್ದು. ಇಷ್ಟು ದಿನ ಸುಳ್ಳು ಕೆಲಸ ಹಾಕೋಕೆ ಜಾಗ ಇತ್ತಲ್ಲ, ಅದೇ ಜಾಗದಲ್ಲಿ ನಿಜವಾದದ್ದು ಇರ್ಲಿ. ಇಲ್ದಿದ್ರೆ ತಾಯಿ ಅಂತ ನನ್ನ ಹೆಸರೂ ಬೇಡ."

ಶ್ರೀದೇವಿಯ ಫೋನನ್ನು ಇಂದುವೇ ಎತ್ತಿಕೊಂಡಳು. ಪ್ರಿಂಟರನಿಗೆ 'ಕ್ಯಾಪ್ಟನ್ ತೆಗೆದು, ಹಡಗಿನ ಭಂಡಾರಿ (ಅಡುಗೆಯವರು) ಎಂದು ಹಾಕಿ' ಎಂದು ಕನ್ನಡದಲ್ಲೇ ಒಂದೊಂದಕ್ಷರ ಒತ್ತಿ ಕಳಿಸಿದಳು. ಫೋನು ಹಿಂತಿರುಗಿಸಿ ಮುದುಕನತ್ತ ತಿರುಗಿದಳು. ನಿಮ್ಮ ಭಂಡಾರಿ ಏನು ಮಾಡಿ ಹಾಕುತ್ತಿದ್ದ ಎಂದು ಕೇಳಿದಳು.

ಮುದುಕ ಕುರ್ಚಿ ಎಳೆದು ಕೂತ. ಭಾನುವಾರ ಮೀನು, ಕಾಯಿ ಅರೆದು ಹಾಕಿದ್ದು, ಎಂದ. ಖಾರಕ್ಕೆ ಕಣ್ಣಲ್ಲಿ ನೀರು ಬರುತ್ತಿತ್ತಂತೆ. ಆದರೂ ಎರಡನೇ ಸಲ ತಟ್ಟೆ ಒಡ್ಡುತ್ತಿದ್ದರಂತೆ. ಇಂದು ಅವನಿಗೆ ಒಂದೊಂದೇ ಪ್ರಶ್ನೆ ಕೇಳುತ್ತ ಹೋದಳು. ಉಳಿದ ಮೂವರು ಸಮುದ್ರ ನೋಡುತ್ತ ಕೂತರು.

ಮದುವೆಗೇನೂ ತೊಂದರೆಯಾಗಲಿಲ್ಲ. ಆದರೆ ಸುವಾನಿಗೆ ಮರಳಿದ ಮೇಲೆ ಹರಿಪ್ರಸಾದ ಹದಿನೇಳು ದಿನ ಮಾತು ಬಿಟ್ಟ. ಕಾಫಿ ಹೊತ್ತಿಗೆ ತಪ್ಪದೆ ಬರುತ್ತಿದ್ದ ಶ್ರೀದೇವಿಯ ಫೋನು ನಿಂತಿತು, ಮತ್ತೆ ಬರಲೇ ಇಲ್ಲ. ಇಂದುವಿಗೆ ಇಲ್ಲಿ ಇದ್ದದ್ದು ಅದೊಂದೇ ಗೆಳೆತನ, ಅದು ಹೋಯಿತು. ಅಪ್ಪನ ಕೆಲಸ ಮುನ್ನೂರು ಕರೆಯೋಲೆಗಳಲ್ಲಿ ಅಚ್ಚಾಯಿತು.