ಎಡಕ್ಕೆ ವಾಲಿದ ಬಸ್ಸು

ತಮ್ಮನ ಮನೆಯಲ್ಲಿ ಕಸವೇ ಇಲ್ಲ ಎಂಬ ಸಂಗತಿ ಅಕ್ಕನಿಗೆ ಗೊತ್ತಾದದ್ದು ಶುಕ್ರವಾರ ಸಂಜೆ, ಹೊಸ್ತಿಲಲ್ಲಿ ನಿಂತು ಚಪ್ಪಲಿ ಕಳಚುತ್ತಿರುವಾಗ.

"ಅಕ್ಕಾ, ನಿನ್ನ ಬ್ಯಾಗಲ್ಲಿ ಕಸಗಿಸ ಏನಾದ್ರೂ ಇದ್ಯಾ?" ಎಂದ ತಮ್ಮ.

"ಮನೆಗೆ ಬಂದವರನ್ನ ನೀರು ಬೇಕಾ ಅಂತ ಕೇಳ್ತಾರಪ್ಪ. ಕಸ ಇದ್ಯಾ ಅಂತ ಕೇಳೋ ಮನೆ ಇದೇ ಮೊದಲು."

ಅಕ್ಕ ಬಸ್ ನಿಲ್ದಾಣದಲ್ಲಿ ಅನೌನ್ಸರ್. ಯಾವ ಬಸ್ಸು ಎಲ್ಲಿಗೆ, ಯಾವ ಅಂಕಣದಿಂದ, ಎಷ್ಟು ತಡ ಎಂದು ದಿನವಿಡೀ ಮೈಕಿಗೆ ಹೇಳುವುದು ಅವಳ ಕೆಲಸ. ಹೇಳದೇ ಇರುವಾಗ ಕಂಡಕ್ಟರುಗಳ, ಅಧಿಕಾರಿಗಳ, ಬಸ್ಸು ತಪ್ಪಿಸಿಕೊಂಡ ಗಂಡಂದಿರ ದನಿ ತೆಗೆದು ಆಡಿಕೊಳ್ಳುವುದು ಅವಳ ವಿಶ್ರಾಂತಿ. ಅವಳ ಮನೆಗೆ ಬಣ್ಣ ಹೊಡೆಸುತ್ತಿದ್ದರಿಂದ ಸೋಮವಾರದವರೆಗೆ ಇಲ್ಲೇ ವಾಸ. ತಮ್ಮನ ಮಗಳು, ಮೂರನೇ ಕ್ಲಾಸಿನ ಬಟಾಣಿ, ಓಡಿ ಬಂದು ಅತ್ತೆಯ ಕಾಲು ಕಟ್ಟಿಕೊಂಡಳು. ದುಂಡಗಿದ್ದಾಳೆ, ಹಿಡಿಯಲು ಹೋದರೆ ಉರುಳಿ ಹೋಗುತ್ತಾಳೆ. ಅದಕ್ಕೇ ಆ ಹೆಸರು.

ವಿಷಯ ಇಷ್ಟೇ. ಸೋಮವಾರ ಪ್ರತಿ ಮಗುವೂ ಮನೆಯ ಕಸದಿಂದ, ತನ್ನ ಕೈಯಾರೆ, ಏನಾದರೊಂದು ಮಾಡಿ ತರಬೇಕೆಂದು ಶಾಲೆಯ ಮಿಸ್ ಹೇಳಿ ಕಳಿಸಿದ್ದರು. ಚೆನ್ನಾಗಿರುವುದು ಶಾಲೆಯ ಮುಂದಿನ ಹಾಲಿನ ಗಾಜಿನ ಬೀರುವಿಗೆ ಹೋಗುತ್ತದೆ. ಆ ಬೀರುವಿನ ಮಾತು ಕಿವಿಗೆ ಬಿದ್ದದ್ದೇ ತಡ, ಮೂರನೇ ಕ್ಲಾಸಿನ ಅಪ್ಪಂದಿರೆಲ್ಲ ಅಂದೇ ಶಾಲೆಗೆ ಸೇರಿದವರಂತೆ ಎದೆ ಸೆಟೆಸಿದ್ದರು. ಕಳೆದ ಸಲ ಪಕ್ಕದ ಬೀದಿಯ ಹುಡುಗನೊಬ್ಬ 'ತಾನೇ' ಮಾಡಿದ ದೀಪಸ್ತಂಭ ಗಿರಗಿರ ತಿರುಗಿ ಬೆಳಕು ಬೀರಿತ್ತು. ಹುಡುಗನಿಗೆ ಅದರ ಸ್ವಿಚ್ಚು ಎಲ್ಲಿದೆಯೆಂದು ಗೊತ್ತಿರಲಿಲ್ಲ, ಅಷ್ಟೇ.

ಆದರೆ ಈ ಮನೆಯಲ್ಲಿ ಕಸ ಎಲ್ಲಿಂದ ತರುವುದು? ನಾದಿನಿಗೆ, ಅಂದರೆ ತಮ್ಮನ ಹೆಂಡತಿಗೆ, ಆಸ್ಪತ್ರೆಯಲ್ಲಿ ಕತ್ತರಿ ಚಿಮುಟಗಳನ್ನು ಕುದಿಸಿ ಶುದ್ಧ ಮಾಡುವ ವಿಭಾಗದಲ್ಲಿ ಕೆಲಸ. ಮನೆಗೆ ಬಂದರೂ ಕೈ ಸುಮ್ಮನಿರದು. ಹಾಲಿನ ಪೊಟ್ಟಣದಿಂದ ಕೊನೆಯ ಹನಿ ಬೀಳುವಷ್ಟರಲ್ಲಿ ಪೊಟ್ಟಣ ಮನೆ ಬಿಟ್ಟಿರುತ್ತದೆ. ನಿಂತ ಜಾಗದಲ್ಲಿ ಎರಡು ನಿಮಿಷ ಹೆಚ್ಚು ನಿಂತರೆ ತನ್ನನ್ನೂ ಎತ್ತಿ ಹಾಕಿಯಾಳೆಂದು ಅಕ್ಕನಿಗೆ ಯಾವಾಗಲೂ ಒಳಗೊಳಗೇ ಅಳುಕು.

"ಅದಕ್ಕೇನಂತೆ? ಅಂಗಡೀಲಿ ತರೋಣ," ಎಂದ ತಮ್ಮ.

"ಏನನ್ನ?"

"ಕಸಾನ."

ಶನಿವಾರ ಬೆಳಿಗ್ಗೆ ಹೋಗಿ ತಂದೇಬಿಟ್ಟ. ಬಾಟಲಿಗಾಗಿ ಹಣ್ಣಿನ ರಸ, ಒಳಗಿನ ಕೊಳವೆಗಾಗಿ ಅಡುಗೆಮನೆಯಲ್ಲಿ ಒರೆಸುವ ಕಾಗದದ ಸುರುಳಿ, ರಟ್ಟಿಗಾಗಿ ಬಿಸ್ಕತ್ತಿನ ದೊಡ್ಡ ಡಬ್ಬ. ಎಲ್ಲವೂ ಹೊಚ್ಚ ಹೊಸದು. ಇನ್ನು ಅದನ್ನು ಕಸ ಮಾಡಬೇಕಿತ್ತು. ಪೀಠೋಪಕರಣದ ಮಳಿಗೆಯಲ್ಲಿ ಅಡುಗೆಮನೆ ಕಪಾಟುಗಳ ಅಳತೆ ತೆಗೆಯುವುದು ಅವನ ಕಸುಬು. ಈಗ ಕಸವೇ ಕಸುಬಾಯಿತು. ಸೊಂಟದ ಟೇಪು ಸರ್ರನೆ ಎಳೆದು ಊಟದ ಮೇಜನ್ನು ಅಳೆದ.

"ಕೋಟೆ. ನಾಲ್ಕು ಬುರುಜು, ಎಳೆಯೋ ಸೇತುವೆ. ಕುಡಿ ಅಕ್ಕಾ, ಬಾಟ್ಲಿ ಬೇಕು."

"ಈಗಷ್ಟೇ ಎರಡು ಕುಡಿದೆನಲ್ಲೋ!"

"ಇನ್ನೂ ಎರಡು ಬುರುಜು ಬಾಕಿ."

"ನಾನು ನಿಮ್ಮನೆಗೆ ಬಂದ ಅತಿಥೀನೋ, ಚರಂಡೀನೋ?"

ಉಳಿದ ರಸ ನಿಜವಾದ ಚರಂಡಿಗೇ ಹೋಯಿತು. ಸುರುಳಿ ಬಿಚ್ಚಿದ ಕಾಗದ ಸೋಫಾ ಮುಚ್ಚಿ, ಕುರ್ಚಿ ಮುಚ್ಚಿ, ಬಾಗಿಲವರೆಗೆ ಹರಿಯಿತು. ಬಿಳಿ ಗುಡ್ಡದ ಮುಂದೆ ನಾದಿನಿ ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ರೀ, ಇದನ್ನೆಲ್ಲ ಏನ್ರೀ ಮಾಡೋದು?"

"ಕಸಕ್ಕೆ ಹಾಕು."

"ಕಸದಿಂದ ಮಾಡೋಕೆ ಅಂತ ತಂದಿದ್ದು ತಾನೇ?"

"ಹೌದು ಕಣೆ, ಕಸ ತೆಗೆದುಕೊಂಡಾಯ್ತು. ಇದು ಮಿಕ್ಕಿದ್ದು."

ಇಷ್ಟು ಬುದ್ಧಿವಂತರ ಮನೆಯಲ್ಲಿ ಹುಟ್ಟಿದ ಬಟಾಣಿಗೆ ಸಿಕ್ಕ ಹುದ್ದೆಯೆಂದರೆ ಟೇಪಿನ ತುದಿ ಹಿಡಿಯುವುದು. ಸ್ವಲ್ಪ ಹೊತ್ತಿಗೆ ಅದರಿಂದಲೂ ಬಡ್ತಿ ಸಿಕ್ಕಿ, ಗೋಂದಿನ ಮುಚ್ಚಳ ಕಾಯುವ ಕೆಲಸಕ್ಕೆ ಬಂದಳು.

"ಮಗೂ ಕಲ್ಪನಾಶಕ್ತಿ ಬೆಳೀಬೇಕು ಅಕ್ಕಾ, ಅದಕ್ಕೇ ಇದೆಲ್ಲ," ಎಂದ ತಮ್ಮ. ಅದೇ ಉಸಿರಿನಲ್ಲಿ, "ಏಯ್, ಕೈ ತೆಗಿ! ಒಣಗಿಲ್ಲ ಇನ್ನೂ."

ಅತ್ತೆ ಬಟಾಣಿಯನ್ನು ಅಡುಗೆಮನೆಗೆ ಕರೆದುಕೊಂಡು ಹೋಗಿ, ಸೌಟನ್ನೇ ಮೈಕ್ ಮಾಡಿಕೊಂಡು, ತಮ್ಮನ ಮೂಗುದನಿಯನ್ನು ಹಾಗೇ ಇಳಿಸಿದಳು. "ಪ್ರಯಾಣಿಕರ ಗಮನಕ್ಕೆ. ಕಲ್ಪನಾಶಕ್ತಿ ಬೆಳೆಯುತ್ತಿದೆ, ದಯವಿಟ್ಟು ಯಾರೂ ಮುಟ್ಟಬೇಡಿ. ಮಕ್ಕಳು ಹಿಂದಿನ ಬಾಗಿಲಿನಿಂದ ಇಳಿಯತಕ್ಕದ್ದು." ಬಟಾಣಿ ನಕ್ಕು ನಕ್ಕು ನೆಲಕ್ಕೆ ಕುಸಿದಳು. ನಗು ನಿಂತ ಮೇಲೆ ಅತ್ತೆಯ ಸೆರಗು ಜಗ್ಗಿದಳು.

"ಅತ್ತೆ, ಒಂದು ತೋರಿಸ್ತೀನಿ. ಅಪ್ಪಂಗೆ ಹೇಳಬಾರ್ದು. ಅಮ್ಮಂಗಂತೂ ಹೇಳಲೇಬಾರ್ದು, ಎಸೆದ್ಬಿಡ್ತಾಳೆ."

ಮಂಚದ ಕೆಳಗೆ, ಹಳೆಯ ಬೂಟಿನ ಡಬ್ಬದ ಮುಚ್ಚಳದ ಮೇಲೆ ಒಂದು ಬಸ್ ನಿಲ್ದಾಣವಿತ್ತು. ಹಲ್ಲು ಮುರಿದ ಬಾಚಣಿಗೆ ಕಂಬಿಬೇಲಿ. ಮುರಿದ ಬಟ್ಟೆ ಕ್ಲಿಪ್ಪುಗಳು ಪ್ರಯಾಣಿಕರು. ಔಷಧಿ ಡಬ್ಬಿಯ ರಟ್ಟಿನಿಂದ ಬಸ್ಸು. ಅದಕ್ಕೆ ಮೂರು ಚಕ್ರ ಬಾಟಲಿ ಮುಚ್ಚಳದ್ದು, ಎಡಗಡೆ ಮುಂದಿನದು ಮಾತ್ರ ಅಂಗಿ ಗುಂಡಿಯದು. ಹೀಗಾಗಿ ಬಸ್ಸು ಎಡಕ್ಕೆ ವಾಲಿತ್ತು. ಒಳಗೆ ಕೂತ ಬೆಂಕಿಕಡ್ಡಿ ಜನರೂ ಎಡಗಿಟಕಿಗೇ ಮುಗಿಬಿದ್ದಿದ್ದರು. ಹೊರಗೆ ಆ ಕಡೆಗೆ, ಬೆಂಡಿನ ತುಂಡಿನಲ್ಲಿ ಮಾಡಿದ, ತಲೆಗಿಂತ ದೊಡ್ಡ ಬಾಯಿಯ ಒಬ್ಬ ಹೆಂಗಸು ನಿಂತಿದ್ದಳು.

"ಇದು ನಾನಾ?"

"ಹೂಂ. ಮಾತಾಡ್ತಿದೀಯ, ಅದಕ್ಕೇ ಅಷ್ಟು ಬಾಯಿ."

ಅಮ್ಮನ ಕೈಗೆ ಸಿಗುವ ಮುಂಚೆ ಒಂದೊಂದೇ ಸಾಮಾನನ್ನು ಜೇಬಿಗಿಳಿಸಿ, ವಾರಗಟ್ಟಲೆ ಕದ್ದು ಕೂಡಿಸಿದ್ದಳು ಹುಡುಗಿ. ಇಡೀ ಮನೆಯಲ್ಲಿ ಅಸಲಿ ಕಸವೆಂದರೆ ಇದೊಂದೇ.

"ನಾನು ಸೋಮವಾರ ಇದನ್ನೇ ತಗೊಂಡು ಹೋಗ್ಬೇಕು ಅತ್ತೆ. ಕೋಟೆ ಬೇಡ. ನಾನೇ ಮಾಡಿದ್ದು ಅಂತ ಹೇಳ್ಬೇಕು. ನೀನು ಅಪ್ಪಂಗೆ ಹೇಳಿ ಒಪ್ಪಿಸ್ತೀಯಾ?"

"ಒಪ್ಪಿಸದೆ ಏನು? ಕೋಟೇನ ನಿಮ್ಮಪ್ಪನೇ ತಲೆ ಮೇಲೆ ಇಟ್ಕೊಂಡು ಕ್ಲಾಸಲ್ಲಿ ಕೂತ್ಕೊಳ್ಲಿ. ಇದು ವಾಲಿದೆಯಲ್ಲ ಪುಟ್ಟಾ, ಯಾಕೆ?"

"ಅದು ಹಾಗೇ," ಎಂದಳು ಬಟಾಣಿ, ಇನ್ನೇನು ಕೇಳುವುದಿದೆ ಎಂಬಂತೆ.

ಭಾನುವಾರ ಮಧ್ಯಾಹ್ನ ತಮ್ಮ ಕೋಟೆಗೆ ಬೆಳ್ಳಿ ಬಣ್ಣ ತರಲು ಹೋದ. ಬೆಳ್ಳಿ ಬಳಿದರೆ ಕಸವೂ ಕುಲೀನವಾಗುತ್ತದೆಂದು ಅವನ ನಂಬಿಕೆ. ನಾದಿನಿ ಮಗಳನ್ನು ಕೂದಲು ಕತ್ತರಿಸುವ ಅಂಗಡಿಗೆ ಕರೆದುಕೊಂಡು ಹೋದಳು. ಮನೆಯಲ್ಲಿ ಅತ್ತೆ ಒಬ್ಬಳೇ. ಬಸ್ಸನ್ನು ಇನ್ನೊಮ್ಮೆ ನೋಡೋಣವೆಂದು ಮುಚ್ಚಳವನ್ನು ಹೊರಗೆಳೆದಳು.

ಚೆನ್ನಾಗಿದೆ. ಆದರೆ ಈ ಗುಂಡಿ. ಇದೊಂದು ಸರಿಯಿದ್ದಿದ್ದರೆ! ನಾಳೆ ಆ ಬೆಳ್ಳಿ ಕೋಟೆಗಳ ನಡುವೆ ಈ ಕುಂಟುಬಸ್ಸನ್ನು ನೋಡಿ ಮಕ್ಕಳು ನಕ್ಕರೆ? ಮಗು ನೊಂದುಕೊಂಡರೆ? ಹಾಗೆಲ್ಲ ಅಂದುಕೊಂಡಳು. ಅವಳು ತಮ್ಮನನ್ನು ಎರಡು ದಿನ ಆಡಿಕೊಂಡಿದ್ದು ಇಂಥದೇ ಮಾತಿಗೆ. ಆದರೆ ಆ ಮಾತು ತನ್ನೊಳಗಿನಿಂದ ಬಂದಾಗ ಅವಳಿಗೆ ಅದು ಪ್ರೀತಿಯಂತೆ ಕೇಳಿಸಿತು. ಬೇರೆಯವರ ದನಿಯನ್ನು ಇಷ್ಟು ಚೆನ್ನಾಗಿ ಹಿಡಿಯುವವಳಿಗೆ ತನ್ನದನ್ನು ಹಿಡಿಯಲು ಬರಲಿಲ್ಲ.

ಒಂದೇ ಒಂದು ಚಕ್ರ, ಅಷ್ಟೇ. ಗುಂಡಿ ಕಿತ್ತು, ರಸದ ಬಾಟಲಿಯ ಮುಚ್ಚಳ ಅಂಟಿಸಿದಳು. ಬಸ್ಸು ನೆಟ್ಟಗಾಯಿತು. ಬಸ್ಸು ನೆಟ್ಟಗಾದ ಮೇಲೆ ಒಳಗಿನವರು ಒಂದೇ ಕಡೆ ಬಿದ್ದುಕೊಂಡಿರುವುದು ಚೆನ್ನಾಗಿ ಕಾಣುತ್ತದೆಯೇ? ಬೆಂಕಿಕಡ್ಡಿಗಳನ್ನು ಬಿಡಿಸಿ ಸಾಲಾಗಿ ಕೂರಿಸಿದಳು. ಅಂಟಿನ ಕೆಲಸವೇ ಅಂಟುರೋಗ. ಬೆರಳಿಗೆ ಒಮ್ಮೆ ಹತ್ತಿತೆಂದರೆ ಬಿಡದು. ಬಾಚಣಿಗೆಯ ಉಳಿದ ಹಲ್ಲನ್ನೂ ಸಮವಾಗಿ ಕತ್ತರಿಸಿದಳು. ಕೊನೆಗೆ ಬೆಂಡಿನ ಹೆಂಗಸಿನ ಬಾಯಿಯನ್ನು, ಸ್ವಲ್ಪವೇ ಸ್ವಲ್ಪ, ಚಿಕ್ಕದು ಮಾಡಿದಳು. ದೂರ ನಿಂತು ನೋಡಿ ತಲೆದೂಗಿದಳು.

ಬಟಾಣಿ ಹೊಸ ಕ್ರಾಪಿನಲ್ಲಿ ಮೊದಲಿಗಿಂತ ದುಂಡಗಾಗಿ ಬಂದಳು. ಮಂಚದ ಕೆಳಗೆ ತೂರಿ, ಬಹಳ ಹೊತ್ತು ಹೊರಗೆ ಬರಲಿಲ್ಲ.

"ಹೇಗಿದೆ?" ಎಂದಳು ಅತ್ತೆ, ಬಾಗಿ.

"ಇದು ಯಾರದು?"

"ನಿಂದೇ ಕಣೇ! ಒಂದು ಚಕ್ರ ಸರಿ ಇರ್ಲಿಲ್ಲ, ನೋಡು, ವಾಲಿತ್ತಲ್ಲ..."

"ಚಕ್ರ ಸರಿಯಾಗೇ ಇತ್ತು. ಸಣ್ಣದು ಅಂತಾನೇ ಅದನ್ನ ಹಾಕಿದ್ದು." ಬಟಾಣಿ ಅಳುತ್ತಿರಲಿಲ್ಲ. ಗಣಿತ ಬಾರದವರಿಗೆ ಹೇಳಿಕೊಡುವಂತೆ ನಿಧಾನವಾಗಿ ಹೇಳಿದಳು. "ನಿಲ್ದಾಣದಲ್ಲಿ ನಿನ್ನ ದನಿ ಎಲ್ಲರಿಗೂ ಕೇಳ್ಸುತ್ತೆ, ನೀನು ಮಾತ್ರ ಯಾರಿಗೂ ಕಾಣಲ್ಲ ಅಂತ ನೀನೇ ಹೇಳಿದ್ದಲ್ವಾ? ನನ್ನ ಬಸ್ಸಲ್ಲಿ ಎಲ್ಲರೂ ನಿನ್ನನ್ನ ನೋಡೋಕೆ ಕಿಟಕಿಗೆ ಬಂದಿದ್ರು. ಅದಕ್ಕೇ ಬಸ್ಸು ವಾಲಿತ್ತು."

ಅತ್ತೆ ನೆಲದ ಮೇಲೆ ಕೂತುಬಿಟ್ಟಳು. ಗಡಿಬಿಡಿಯಿಂದ ಚಕ್ರ ಕಿತ್ತು, ಗುಂಡಿಯನ್ನು ಹುಡುಕಿ ಮತ್ತೆ ಅಂಟಿಸಿದಳು. ಕಡ್ಡಿಗಳನ್ನು ಎಡಕ್ಕೆ ತಳ್ಳಿದಳು. ಎರಡು ಮುರಿದವು. ರಟ್ಟು ಗೋಂದು ಕುಡಿದು ಮೆತ್ತಗಾಗಿತ್ತು. ಬಸ್ಸು ವಾಲಿತು, ಮೊದಲಿಗಿಂತ ಚೆನ್ನಾಗಿಯೇ ವಾಲಿತು.

"ಈಗ? ಹಾಗೇ ಆಯ್ತಲ್ವಾ?"

ಬಟಾಣಿ ತಲೆ ಓರೆ ಮಾಡಿ ನೋಡಿದಳು. "ಈಗ ಅವರು ನೋಡ್ತಿಲ್ಲ ಅತ್ತೆ. ಬೀಳ್ತಿದಾರೆ."

"ನಾಳೆ ಇದನ್ನೇ ತಗೊಂಡು ಹೋಗು ಪುಟ್ಟಾ. ನಿಮ್ಮಪ್ಪನ ಹತ್ರ ನಾನು ಮಾತಾಡ್ತೀನಿ."

"ನಾನೇ ಮಾಡಿದ್ದು ಅಂತ ಹೇಳ್ಬೇಕಲ್ಲ. ಬೇಡ. ನೀನೇ ಇಟ್ಕೋ." ಮುಚ್ಚಳವನ್ನು ಅತ್ತೆಯ ತೊಡೆಯ ಮೇಲಿಟ್ಟು ಹೊರಗೆ ಹೋದಳು. "ಅಪ್ಪಾ, ಗೋಂದಿನ ಮುಚ್ಚಳ ಎಲ್ಲಿ?" ಎಂದು, ಬಣ್ಣ ತಂದು ಕೂತಿದ್ದ ಅಪ್ಪನನ್ನು ಕೇಳುವುದು ಕೋಣೆಯೊಳಗೆ ಕೇಳಿಸಿತು.

ಸೋಮವಾರ ಅತ್ತೆಗೆ ರಜೆ. ತಮ್ಮ ಹೆಂಡತಿಯ ಜೊತೆ ಅವಳನ್ನೂ ಒತ್ತಾಯ ಮಾಡಿ ಶಾಲೆಗೆ ಕರೆದೊಯ್ದ. ಕೋಟೆಯನ್ನು ಹಿಡಿಯಲು ಒಬ್ಬರು, ಬಾಗಿಲು ತೆಗೆಯಲು ಒಬ್ಬರು ಬೇಕಿತ್ತು. ಮುಂದಿನ ಹಾಲಿನಲ್ಲಿ ಮೂರನೇ ಕ್ಲಾಸು ಸಾಲಾಗಿ ನಿಂತಿತ್ತು. ಆಹಾ, ಏನು ಕಸ! ಉರಿಯುವ ಬಲ್ಬಿನ ಕಸ, ಓಡುವ ಮೋಟಾರಿನ ಕಸ, ವೆಲ್ವೆಟ್ಟಿನ ಕಸ. ಇಂಥ ಶ್ರೀಮಂತ ತಿಪ್ಪೆಯನ್ನು ಅತ್ತೆ ಹುಟ್ಟಿದಾಗಿನಿಂದ ನೋಡಿರಲಿಲ್ಲ. ಒಂದೊಂದರ ಹಿಂದೆಯೂ ಒಂದೊಂದು ಮಗು, ಮಗುವಿನ ಹಿಂದೆ ಬೆರಳಿಗೆ ಬ್ಯಾಂಡೇಜು ಸುತ್ತಿಕೊಂಡ ಒಬ್ಬ ಅಪ್ಪ. ಮಿಸ್ ಪ್ರತಿಯೊಬ್ಬರ ಮುಂದೆ ನಿಂತು ಅದೇ ಪ್ರಶ್ನೆ ಕೇಳುತ್ತ ಬಂದರು. ಉತ್ತರವೂ ಅದೇ ರಾಗದಲ್ಲಿ ಬರುತ್ತಿತ್ತು.

"ನೀನೇ ಮಾಡಿದ್ದಾ?"

"ಹೌದು ಮಿಸ್."

"ನೀನೇ ಮಾಡಿದ್ದಾ?"

"ಹೌದು ಮಿಸ್."

ಬಟಾಣಿ ಏನು ಹೇಳುತ್ತಾಳೆ? ಇದ್ದದ್ದು ಇದ್ದ ಹಾಗೆ ಹೇಳುವ ಮಗು ಅದು. ಅಪ್ಪ ಮಾಡಿದ್ದು ಅಂದುಬಿಡಲಿ ಎಂದು ಅತ್ತೆ ಆಸೆಪಟ್ಟಳು. ಅತ್ತೆ ನನ್ನದನ್ನು ಹಾಳು ಮಾಡಿದಳು ಅಂತಲೂ ಅಂದುಬಿಡಲಿ.

"ನೀನೇ ಮಾಡಿದ್ದಾ ಪುಟ್ಟಾ?"

"ಹೌದು ಮಿಸ್."

ದನಿ ಸ್ವಲ್ಪವೂ ನಡುಗಲಿಲ್ಲ. ದನಿಗಳ ಮೇಲೆಯೇ ಬದುಕುವ ಅತ್ತೆಗೆ ಅದು ಬಟಾಣಿಯದಲ್ಲ ಎಂದು ಗೊತ್ತಾಯಿತು. ಆ ಸಾಲಿನ ಎಲ್ಲ ಮಕ್ಕಳ ಬಾಯಲ್ಲೂ ಇದ್ದ ದನಿ ಅದು.

"ಯಾರೂ ಸಹಾಯ ಮಾಡಿಲ್ಲ ತಾನೇ?"

ಬಟಾಣಿ ಹಿಂತಿರುಗಿದಳು. ಅಪ್ಪನನ್ನು ನೋಡಲಿಲ್ಲ, ಅಮ್ಮನನ್ನು ನೋಡಲಿಲ್ಲ. ಅತ್ತೆಯನ್ನು ನೋಡಿದಳು. "ಇಲ್ಲ ಮಿಸ್. ಯಾರೂ ಮುಟ್ಟೇ ಇಲ್ಲ."

ಕೋಟೆ ಗಾಜಿನ ಬೀರುವಿಗೆ ಹೋಯಿತು. ಎಳೆಯುವ ಸೇತುವೆ ಬೀರುವಿನ ಬಾಗಿಲಿಗೆ ಅಡ್ಡ ಬಂದಿದ್ದರಿಂದ ಅದನ್ನು ಮುರಿದು ಒಳಗಿಟ್ಟರು. "ನೋಡಿದ್ಯಾ ಅಕ್ಕಾ, ಎಷ್ಟು ಧೈರ್ಯವಾಗಿ ಮಾತಾಡಿದ್ಲು! ನಮ್ಮ ಕಾಲದಲ್ಲಿ ಮಿಸ್ ಮುಂದೆ ಮಾತೇ ಬರ್ತಿರ್ಲಿಲ್ಲ," ಎಂದ ತಮ್ಮ. ಅವನ ಕಣ್ಣಲ್ಲಿ ನೀರಿತ್ತು. ನಾದಿನಿ ಅದನ್ನೂ ಕರವಸ್ತ್ರದಿಂದ ಒರೆಸಿ ಸ್ವಚ್ಛ ಮಾಡಿದಳು.

ಬೇರೆ ದಿನವಾಗಿದ್ದರೆ ಇದಕ್ಕೆಲ್ಲ ಅತ್ತೆ ಹತ್ತು ದನಿಯಲ್ಲಿ ಉತ್ತರ ಕೊಡುತ್ತಿದ್ದಳು. ಅಷ್ಟರಲ್ಲಿ ಮಿಸ್ ಅವಳ ಹತ್ತಿರ ಬಂದರು.

"ನೀವು ಮಗೂಗೆ ಸೋದರತ್ತೆಯಂತೆ. ಒಂದು ಮಾತು ಹೇಳ್ತೀನಿ. ದೊಡ್ಡವರಿಗೆ ಕೈ ಸುಮ್ಮನಿರಲ್ಲ, ಮಕ್ಕಳ ಕೆಲಸಕ್ಕೆ ಕೈ ಹಾಕಿಬಿಡ್ತಾರೆ. ನಿಮ್ಮ ಮನೇಲಿ ಹಾಗಿಲ್ಲ, ಅಲ್ವಾ?"

ಬಟಾಣಿ ಅತ್ತೆಯ ಮುಖವನ್ನೇ ನೋಡುತ್ತ, ಕಾಯುತ್ತ ನಿಂತಿದ್ದಳು.

"ಹೌದು ಮಿಸ್," ಎಂದಳು ಅತ್ತೆ.