ಕೂತೇ ಒರಗುವವಳು

ಊಟಿ ಬೆಟ್ಟದ ನಡುವಟ್ಟಂ ಕಡೆ ಕನ್ನಡಕ್ಕೆ ನಂಟಾದ ನುಡಿಯಾಡುವ ನಮ್ಮ ಜನಕ್ಕೆ ಕನ್ನಡದ ಡಾಕ್ಟರೆಂದರೆ ತವರಿನವರು ಬಂದಷ್ಟು ಸಂಭ್ರಮ. ಗೂಡಲೂರಿನ ಕ್ಲಿನಿಕ್ಕಿಗೆ ಮೈಸೂರಿನ ವಿಶ್ವನಾಥ್ ಬಂದದ್ದೇ ತಡ, ನನ್ನಕ್ಕ ಸರೋಜಾ ಅಲ್ಲಿಯವರೆಗೆ ತೋರಿಸುತ್ತಿದ್ದ ತಮಿಳು ಡಾಕ್ಟರನ್ನು ಬಿಟ್ಟಳು. ಆ ಸಂಭ್ರಮಕ್ಕೆ ಬೆಂಕಿ ಬೀಳಲಿ.

ಅಕ್ಕನಿಗೆ ಹಳೆಯ ಸಂಧಿವಾತ. ಬೆಳಗ್ಗೆ ಬೆರಳು ಮಡಿಸಲಾಗದೆ ಬಿಸಿನೀರಿನಲ್ಲಿ ಕೈ ಅದ್ದಿ ಕೂರುತ್ತಿದ್ದಳು. ಬಿಸಿಲೇರಿದ ಮೇಲೇ ಟೀ ಎಲೆ ಕೀಳಲು ಹೋಗುತ್ತಿದ್ದಳು. ವಿಶ್ವನಾಥ್ ತಾಳ್ಮೆಯ ಮನುಷ್ಯ, ಅದನ್ನು ಇಲ್ಲವೆನ್ನಲಾರೆ. "ಮೈ ಕಾಯುವ ಪಡೆಯೇ ಮೈಮೇಲೆ ತಿರುಗಿಬಿದ್ದಿದೆಯಮ್ಮ. ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ. ರೋಗಾಣು ಬಂತು ಅಂತ ರಕ್ತದಲ್ಲಿ ಸುಳ್ಳು ಸುದ್ದಿ ಓಡಾಡುತ್ತೆ, ಬೆಳಗಿನ ಜಾವಕ್ಕೆ ಜೋರಾಗುತ್ತೆ. ಅದರಿಂದ ನಿದ್ದೆ ಕೆಡುತ್ತೆ. ನಿದ್ದೆ ಕೆಟ್ಟರೆ ಉರಿಯೂತ ಇನ್ನೂ ಏರುತ್ತೆ" ಎಂದು ವಿವರಿಸಿದ್ದರಂತೆ. ಅದಕ್ಕೇ ಪ್ರತಿಸಲವೂ ನಿದ್ದೆಯ ವಿಚಾರ ಕೇಳುತ್ತಿದ್ದರು.

ಈ ಮಳೆಗಾಲ ಮುಗಿದ ಮೇಲೆ ನಿದ್ದೆ, ದಣಿವು ಎರಡನ್ನೂ ಕೇಳಿದಾಗ ಅಕ್ಕ, "ಈಗ ಕುಳ್ದೇ ಒರಗಿನೆ, ಡಾಕ್ಟ್ರೇ" ಎಂದಳಂತೆ. ಅವರು ತಲೆಯಾಡಿಸಿ, "ಒರಗಿ, ಒಳ್ಳೆಯದೇ. ಬೆನ್ನಿಗೊಂದು ದಿಂಬು ಇಟ್ಟುಕೊಳ್ಳಿ" ಎಂದರಂತೆ. ಜೊತೆಗಿದ್ದ ಲಿಂಗ ಭಾವ ಬರುವ ದಾರಿಯಲ್ಲೇ ದಿಂಬು ಕೊಂಡು ತಂದರು.

ನಾನು ಗುಂಡ್ಲುಪೇಟೆಗೆ ಮದುವೆಯಾಗಿ ಹೋದವಳು. ದೀಪಾವಳಿಗೆ ಬಂದಾಗ ಅಕ್ಕ ಗೋಡೆಗೆ ದಿಂಬು ಕೊಟ್ಟು ಕೂತಿದ್ದಳು. ಕಾಲು ಬಾತು ಹೊಳೆಯುತ್ತಿತ್ತು. ಒಂದು ಮಾತಾಡಿ ಮುಗಿಸಲು ನಡುವೆ ಉಸಿರೆಳೆದುಕೊಳ್ಳಬೇಕಿತ್ತು.

"ಮಲಗಬಾರದೇನೇ?"

"ಮಲಗಿದ್ರೆ ಉಸುರು ಕಟ್ಟುತ್ತೆ, ಗಾಯತ್ರಿ. ಕುಳ್ದೇ ಒರಗು ಅಂತ ಡಾಕ್ಟ್ರೇ ಹೇಳಿದಾರೆ."

ನನಗೆ ಮೈಯೆಲ್ಲ ಉರಿಯಿತು. ಜೀಪು ಮಾಡಿಸಿಕೊಂಡು ಕ್ಲಿನಿಕ್ಕಿಗೆ ಕರೆದೊಯ್ದೆ.

"ಕೂತುಕೊಂಡು ನಿದ್ದೆ ಮಾಡು ಅಂತ ಯಾಕೆ ಹೇಳಿದಿರಿ?" ಎಂದು ಕೇಳಿದೆ.

"ನಿದ್ದೆಯೇ? ಒರಗುತ್ತೇನೆ ಅಂದಿದ್ದರಲ್ಲ ಇವರು. ದಣಿವಾದಾಗ ಗೋಡೆಗೆ ಒರಗುತ್ತಾರೆ ಅಂದುಕೊಂಡೆ."

"ನಮ್ಮ ಮಾತಿನಲ್ಲಿ ಒರಗುವುದೆಂದರೆ ನಿದ್ದೆ ಮಾಡುವುದು, ಡಾಕ್ಟ್ರೇ."

ಅವರು ಕುರ್ಚಿಯಿಂದ ಎದ್ದು ಬಂದರು. ಸ್ಟೆತಸ್ಕೋಪನ್ನು ಅಕ್ಕನ ಬೆನ್ನಿನ ಮೇಲೆ ಬಹಳ ಹೊತ್ತು ಇಟ್ಟು ಕೇಳಿದರು. ಶ್ವಾಸಕೋಶದಲ್ಲಿ ನೀರು ತುಂಬಿತ್ತು. ಕೀಲಿನ ಉರಿ ಕೀಲಿಗೇ ನಿಲ್ಲುವುದಿಲ್ಲವಂತೆ, ವರ್ಷಗಟ್ಟಲೆ ಒಳಗೊಳಗೇ ಹೃದಯವನ್ನೂ ತಿನ್ನುತ್ತದಂತೆ. ಮಲಗಿದರೆ ಉಸಿರು ಕಟ್ಟಿ ಕೂತೇ ನಿದ್ದೆ ಮಾಡುವುದು ಅದರ ಗುರುತಂತೆ. "ಮೊದಲೇ ತಿಳಿದಿದ್ದರೆ" ಎಂದರು. ಅವಳು ಹೇಳಿಯೇ ಇದ್ದಳು. ಆ ತಮಿಳು ಡಾಕ್ಟರಾಗಿದ್ದರೆ ತಮಿಳಿನಲ್ಲಿ ಹೇಳುತ್ತಿದ್ದಳು, ಅವರಿಗೆ ತಿಳಿಯುತ್ತಿತ್ತು. ನಂಟಿನ ನುಡಿಯೇ ಕತ್ತು ಕೊಯ್ಯಿತು.

ಊಟಿಗೆ ಹೊರಟ ಆಂಬ್ಯುಲೆನ್ಸ್ ನಮ್ಮ ಹಟ್ಟಿಯ ತಿರುವು ದಾಟುವಷ್ಟರಲ್ಲಿ ಅಕ್ಕ ನನ್ನ ಕೈಯಲ್ಲೇ ಹೋದಳು.

ನಾವು ವೀರಶೈವರು. ನಮ್ಮಲ್ಲಿ ಸತ್ತವರನ್ನು ಮಲಗಿಸುವುದಿಲ್ಲ, ಕೂರಿಸಿ ಮಣ್ಣು ಮಾಡುತ್ತೇವೆ. ಹುಟ್ಟಿದಾಗಿನಿಂದ ನೋಡಿದ ಪದ್ಧತಿ, ಅಂದು ಮಾತ್ರ ಕಣ್ಣಿಂದ ನೋಡಲಾಗಲಿಲ್ಲ. "ಅಯ್ಯನೋರೇ, ಇವಳೊಬ್ಬಳನ್ನ ಮಲಗಿಸಿಬಿಡಿ" ಎಂದು ಕೈಮುಗಿದೆ.

"ಎಲ್ಲಾದ್ರೂ ಉಂಟಾ ತಾಯಿ" ಎಂದರು ಅಯ್ಯನವರು.

ವಿಭೂತಿ ಹಚ್ಚಿ ಗೋಡೆಗೆ ಆನಿಸಿ ಕೂರಿಸಿದರು. ದೇಹ ನಿಲ್ಲದೆ ವಾಲುತ್ತಿತ್ತು. ಭಾವ ಪಾಪ, ಒಳಗಿಂದ ಆ ದಿಂಬನ್ನೇ ತಂದು ಅವಳ ಬೆನ್ನಿಗಿಡಲು ಬಗ್ಗಿದರು. ಕಿತ್ತುಕೊಂಡು ಅಂಗಳಕ್ಕೆ ಎಸೆದೆ. ಮಣ್ಣಿಗೆ ಎತ್ತುವವರೆಗೂ ನಾನೇ ಅವಳ ಬೆನ್ನಿಗೆ ಬೆನ್ನು ಕೊಟ್ಟು ಕೂತಿದ್ದೆ.